ಸ್ಕ್ರೀನ್ ರೀಡರ್ ಬಳಸುವವರಿಗೆ ಯಾವ ಕಂಪ್ಯೂಟರ್? ವಿಂಡೋಸ್, ಮ್ಯಾಕ್, ಲಿನಕ್ಸ್, ಕ್ರೋಮ್‌ಬುಕ್‌ಗಳ ಹೋಲಿಕೆ

ಪಿಯುಸಿ ಫಲಿತಾಂಶ ಬಂದು ಕಾಲೇಜು ಸೇರುವ ಹೊತ್ತಿಗೆ, ಕಣ್ಣು ಕಾಣದ ಅಥವಾ ತೀರಾ ಮಂದವಾಗಿ ಕಾಣುವ ಮಕ್ಕಳಿರುವ ಮನೆಗಳಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಯಾವ ಲ್ಯಾಪ್‌ಟಾಪ್ ತೆಗೆದುಕೊಳ್ಳೋಣ? ಮಂಗಳೂರಿನ ಹಂಪನಕಟ್ಟೆಯ ಅಂಗಡಿಯಲ್ಲಾಗಲಿ ಮಣಿಪಾಲದ ಮಳಿಗೆಯಲ್ಲಾಗಲಿ ಇದನ್ನು ಕೇಳಿದರೆ ಪ್ರೊಸೆಸರ್, ಮೆಮೊರಿ, ಪರದೆಯ ಅಗಲ ಇವುಗಳ ವಿವರ ಧಾರಾಳವಾಗಿ ಸಿಗುತ್ತದೆ. ಆ ಯಂತ್ರ ಪರದೆಯ ಮೇಲಿರುವುದನ್ನು ಓದಿ ಹೇಳುವುದು ಹೇಗೆ, ಕನ್ನಡ ಓದುತ್ತದೆಯೇ, ಕೆಟ್ಟರೆ ಕಣ್ಣಿನ ನೆರವಿಲ್ಲದೆ ಸರಿಪಡಿಸಬಹುದೇ ಎಂಬುದಕ್ಕೆ ಉತ್ತರ ಸಿಗುವುದು ಅಪರೂಪ. ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡು ಮತ್ತೆ ಕೆಲಸಕ್ಕೆ ಮರಳಲು ಹೊರಟವರಿಗೂ, ನಿವೃತ್ತಿಯ ನಂತರ ಪತ್ರಿಕೆ ಓದುವ ದಾರಿ ಹುಡುಕುತ್ತಿರುವ ಹಿರಿಯರಿಗೂ ಇದೇ ತೊಡಕು.

ನೋಡುವವರು ಮೊದಲು ಲ್ಯಾಪ್‌ಟಾಪ್ ಆರಿಸುತ್ತಾರೆ, ಅದರೊಳಗಿನ ಆಪರೇಟಿಂಗ್ ಸಿಸ್ಟಂ ತಾನಾಗಿ ಬರುತ್ತದೆ. ಕೇಳಿ ಕೆಲಸ ಮಾಡುವವರು ಕ್ರಮವನ್ನು ತಿರುಗಿಸಬೇಕು. ಮೊದಲು ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ; ಆಮೇಲೆ ಅದಕ್ಕೆ ತಕ್ಕ ಆಪರೇಟಿಂಗ್ ಸಿಸ್ಟಂ, ಕೊನೆಗೆ ಯಂತ್ರ. ಏಕೆಂದರೆ ಒಂದು ಸ್ಕ್ರೀನ್ ರೀಡರಿನ ಕೀಲಿ ಆದೇಶಗಳು ಬೆರಳಿಗೆ ಅಂಟಿದ ಮೇಲೆ ಇನ್ನೊಂದಕ್ಕೆ ಹೋಗುವುದು ತಿಂಗಳುಗಟ್ಟಲೆ ಶ್ರಮದ ಕೆಲಸ, ಮತ್ತು ಆ ಶ್ರಮದ ಬೆಲೆ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಯಾವ ಅಳತೆಗೋಲುಗಳಿಂದ ತೂಗಬೇಕು

ನಮ್ಮ ಕರಾವಳಿಯ ಬಳಕೆದಾರರಿಗೆ ಮೊದಲ ಅಳತೆಗೋಲು ಕನ್ನಡ. ಕನ್ನಡ ಓದುವ ಧ್ವನಿ ಇರಬೇಕು, ಕನ್ನಡ ಟೈಪ್ ಮಾಡುವಾಗ ಒತ್ತಿದ ಅಕ್ಷರ ಸ್ಪಷ್ಟವಾಗಿ ಕೇಳಬೇಕು, ಇಂಗ್ಲಿಷ್ ಮತ್ತು ಕನ್ನಡ ಬೆರೆತ ಸಾಲು ಬಂದಾಗ ತಡವರಿಸಬಾರದು. ತುಳುವನ್ನೂ ಇಲ್ಲಿನ ಕೊಂಕಣಿಯನ್ನೂ ಬಹುಪಾಲು ಕನ್ನಡ ಲಿಪಿಯಲ್ಲೇ ಬರೆಯುವುದರಿಂದ, ಕನ್ನಡದ ಒಂದು ಧ್ವನಿ ಸಿಕ್ಕಿದರೆ ಆ ಬರಹಗಳನ್ನೂ ಕೇಳಿ ಅರ್ಥಮಾಡಿಕೊಳ್ಳುವಷ್ಟು ಓದಿಸಬಹುದು. ಉಚ್ಚಾರಣೆ ಪೂರ್ತಿ ನಮ್ಮದಾಗಿರದಿದ್ದರೂ ಕೆಲಸ ನಡೆಯುತ್ತದೆ.

ಎರಡನೆಯದು, ಆ ಕಂಪ್ಯೂಟರಿನಲ್ಲಿ ಆಗಬೇಕಾದ ಕೆಲಸ ಮತ್ತು ಸುತ್ತಲಿನವರು ಬಳಸುವ ವ್ಯವಸ್ಥೆ. ಮೂರನೆಯದು ಹಣ. ನಾಲ್ಕನೆಯದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ: ಹೊಸದಾಗಿ ಇನ್‌ಸ್ಟಾಲ್ ಮಾಡುವಾಗ, ಪಾಸ್‌ವರ್ಡ್ ಕೇಳುವ ಪರದೆಯಲ್ಲಿ, ಯಂತ್ರ ಕೈಕೊಟ್ಟ ದಿನ, ಯಾರನ್ನೂ ಕರೆಯದೆ ಬಳಕೆದಾರರೇ ನಿಭಾಯಿಸಬಹುದೇ ಎಂಬುದು. ಐದನೆಯದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟೂ ಇಂಟರ್ನೆಟ್ಟೂ ಯಾವಾಗ ಹೋಗುತ್ತವೆಂದು ಹೇಳಲಾಗದ ಊರುಗಳಲ್ಲಿ, ಅಂತರ್ಜಾಲವಿದ್ದರಷ್ಟೇ ಮಾತನಾಡುವ ಧ್ವನಿಯನ್ನು ನಂಬಿ ಕೂರಲಾಗದು. ಧ್ವನಿ ಯಂತ್ರದೊಳಗೇ ಇರಬೇಕು.

ಒಂದೊಂದು ವ್ಯವಸ್ಥೆಯನ್ನು ತೂಗುವ ಮುನ್ನ ಒಂದು ಮಾತು. ಯಾವ ವ್ಯವಸ್ಥೆ ಕೊಂಡರೂ ತಪ್ಪದ ಸಮಸ್ಯೆಯೊಂದಿದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ಈಗಲೂ ಕಚೇರಿಗಳಲ್ಲಿ, ಕಾಲೇಜುಗಳ ನೋಟ್ಸ್‌ಗಳಲ್ಲಿ ಓಡಾಡುತ್ತಿವೆ. ಅವು ಯೂನಿಕೋಡ್ ಅಲ್ಲ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಜಾಗತಿಕ ಪದ್ಧತಿಯಲ್ಲಿಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳು. ಕಣ್ಣಿಗೆ ‘ಕನ್ನಡ’ ಎಂದು ಕಾಣುವ ಪದದೊಳಗೆ ನಿಜವಾಗಿ ಇರುವುದು ದೊಡ್ಡ ‘ಪಿ’, ಮೇಲೆ ಗೆರೆಯುಳ್ಳ ‘ಎ’, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ‘ಕ್ಯೂ’, ಕೊನೆಗೆ ಇನ್ನೊಂದು ‘ಎ’. ಸ್ಕ್ರೀನ್ ರೀಡರ್ ಓದುವುದು ಅದನ್ನೇ, ಆದ್ದರಿಂದ ಕೇಳುವವರಿಗೆ ಇಡೀ ಪುಟ ಅರ್ಥವಿಲ್ಲದ ಸದ್ದು. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಮೇಲಷ್ಟೇ ಓದಿಸಬಹುದು. ಪರಿವರ್ತಕ ನುಡಿ ತಂತ್ರಾಂಶದ ಜೊತೆಗೇ ಬರುತ್ತದೆ, ಆದರೆ ನುಡಿ ಇರುವುದು ವಿಂಡೋಸ್‌ಗೆ. ಇಂಥ ಕಡತಗಳು ದಿನವೂ ಕೈಗೆ ಬರುವವರು ಇದೊಂದು ಅಂಶವನ್ನು ವಿಂಡೋಸ್ ಪರವಾಗಿ ಬರೆದಿಟ್ಟುಕೊಳ್ಳಬಹುದು.

ವಿಂಡೋಸ್: ಮೂರು ಸ್ಕ್ರೀನ್ ರೀಡರ್‌ಗಳ ಮನೆ

ವಿಂಡೋಸ್‌ನ ದೊಡ್ಡ ಬಲ ಅಲ್ಲಿ ಆಯ್ಕೆ ಇರುವುದು. ನರೇಟರ್ ವ್ಯವಸ್ಥೆಯೊಳಗೇ ಇದೆ, ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ, ಜಾಸ್‌ಗೆ ಹಣ ಕೊಡಬೇಕು.

ಎನ್‌ವಿಡಿಎಯನ್ನು 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಆರಂಭಿಸಿದರು. ಅವರಿಗೂ, ನಂತರ ಜೊತೆಗೂಡಿದ ಜೇಮ್ಸ್ ಟೆಹ್ ಅವರಿಗೂ ದೃಷ್ಟಿಯಿಲ್ಲ. ಕಣ್ಣಿಲ್ಲದವರು ಕಂಪ್ಯೂಟರಿಗಾಗಿ ಇತರರಿಗಿಂತ ಹೆಚ್ಚು ಹಣ ತೆರಬಾರದು ಎಂಬ ಹಟದಿಂದಲೇ ಅದು ಬೆಳೆಯಿತು. ಅದರೊಳಗೆ ಇ-ಸ್ಪೀಕ್ ಎನ್‌ಜಿ ಎಂಬ ಧ್ವನಿ ಸೇರಿಕೊಂಡೇ ಬರುತ್ತದೆ, ಆ ಧ್ವನಿಗೆ ಕನ್ನಡ ಗೊತ್ತು, ಇಂಟರ್ನೆಟ್ ಬೇಕಿಲ್ಲ. ಕನ್ನಡದ ನಡುವೆ ಇಂಗ್ಲಿಷ್ ಪದ ಬಂದರೆ ಅದನ್ನೂ ಓದಿಕೊಂಡು ಮುಂದೆ ಹೋಗುತ್ತದೆ. ಮೊದಲ ಬಾರಿ ಕೇಳಿದವರು ಇದು ಮನುಷ್ಯರ ಧ್ವನಿಯಂತಿಲ್ಲ ಎಂದು ಮುಖ ಸಿಂಡರಿಸುವುದು ಸಹಜ. ಪೋಷಕರು ಅಷ್ಟಕ್ಕೇ ಅದನ್ನು ತಳ್ಳಿಹಾಕಬಾರದೆಂದು ನನ್ನ ಕೋರಿಕೆ. ವೇಗ ಹೆಚ್ಚಿಸಿದಾಗಲೂ ಅಕ್ಷರಗಳು ಕಲಸಿಹೋಗದಿರುವುದು ಮತ್ತು ಕೀಲಿ ಒತ್ತಿದ ಕ್ಷಣವೇ ಉತ್ತರ ಬರುವುದು, ದಿನಕ್ಕೆ ಹಲವು ಗಂಟೆ ಕೆಲಸ ಮಾಡುವವರಿಗೆ ಇಂಪಿಗಿಂತ ಮುಖ್ಯ.

ಎನ್‌ವಿಡಿಎಯ ಇನ್ನೊಂದು ಗುಣ ವಿದ್ಯಾರ್ಥಿಗಳಿಗೆ ಬಹಳ ಉಪಯುಕ್ತ. ಅದನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ಕಾಲೇಜಿನ ಲ್ಯಾಬ್‌ನಲ್ಲಿ ಯಾವ ಯಂತ್ರಕ್ಕೂ ಇನ್‌ಸ್ಟಾಲ್ ಮಾಡದೆ ನಡೆಸಬಹುದು, ಮನೆಯ ಸೆಟ್ಟಿಂಗ್‌ಗಳೆಲ್ಲ ಜೊತೆಗೇ ಬರುತ್ತವೆ. ಆದರೆ ಹಾಗೆ ನಡೆಸಿದಾಗ ಲಾಗಿನ್ ಪರದೆಯನ್ನೂ, ‘ಈ ಬದಲಾವಣೆಗೆ ಅನುಮತಿ ಕೊಡುವಿರಾ’ ಎಂದು ವಿಂಡೋಸ್ ಕೇಳುವ ಸುರಕ್ಷಾ ಪರದೆಯನ್ನೂ ಅದು ಓದಲಾರದು. ಸ್ವಂತ ಲ್ಯಾಪ್‌ಟಾಪಿನಲ್ಲಿ ಪೂರ್ಣವಾಗಿ ಇನ್‌ಸ್ಟಾಲ್ ಮಾಡಿಕೊಳ್ಳುವುದೇ ಸರಿ.

ಜಾಸ್ ಹಳೆಯದು, ಟೆಡ್ ಹೆಂಟರ್ ಅವರ ಸಂಸ್ಥೆ ಅದನ್ನು 1989ರಲ್ಲಿ ವಿಂಡೋಸ್‌ಗೂ ಹಿಂದಿನ ಡಾಸ್ ವ್ಯವಸ್ಥೆಗಾಗಿ ಹೊರತಂದಿತು, ವಿಂಡೋಸ್ ಆವೃತ್ತಿ 1990ರ ದಶಕದ ನಡುವಿನಲ್ಲಿ ಬಂತು. ದೊಡ್ಡ ಎಕ್ಸೆಲ್ ಹಾಳೆಗಳಲ್ಲಿ, ಕಚೇರಿಗಳ ವಿಶಿಷ್ಟ ತಂತ್ರಾಂಶಗಳಲ್ಲಿ ಅದರ ಹಿಡಿತ ಬಿಗಿ, ಏಕೆಂದರೆ ಓದಲಾಗದ ತಂತ್ರಾಂಶವೊಂದಕ್ಕೆ ಪ್ರತ್ಯೇಕ ಸ್ಕ್ರಿಪ್ಟ್ ಬರೆದು ಅದನ್ನು ಓದಿಸುವ ವ್ಯವಸ್ಥೆ ಅದರಲ್ಲಿ ವರ್ಷಗಳಿಂದ ಪಳಗಿದೆ. ಪರವಾನಗಿಯಿಲ್ಲದೆ ಒಂದು ಸಲಕ್ಕೆ 40 ನಿಮಿಷ ನಡೆಯುತ್ತದೆ, ಆಮೇಲೆ ಯಂತ್ರವನ್ನು ಮತ್ತೆ ಆರಂಭಿಸಬೇಕು. ಇದು ಪರೀಕ್ಷಿಸಿ ನೋಡಲು ಸಾಕು, ದಿನದ ಕೆಲಸಕ್ಕಲ್ಲ. ನನ್ನ ನಿಲುವು ಇಷ್ಟು: ಜಾಸ್‌ನ ಹಣವನ್ನು ಉದ್ಯೋಗ ಕೊಡುವವರು ಭರಿಸುತ್ತಾರಾದರೆ ಖಂಡಿತ ತೆಗೆದುಕೊಳ್ಳಿ, ಮನೆಯ ಹಣದಿಂದಾದರೆ ಮೊದಲು ಎನ್‌ವಿಡಿಎಯಲ್ಲಿ ಆಗದ ಕೆಲಸ ಯಾವುದೆಂದು ತೋರಿಸಿಕೊಂಡು ಆಮೇಲೆ ಯೋಚಿಸಿ. ವೆಬ್‌ಏಮ್ ಸಂಸ್ಥೆ 2023ರ ಕೊನೆ ಮತ್ತು 2024ರ ಆರಂಭದಲ್ಲಿ ನಡೆಸಿದ ಅಂತಾರಾಷ್ಟ್ರೀಯ ಸಮೀಕ್ಷೆಯಲ್ಲಿ ಮುಖ್ಯ ಸ್ಕ್ರೀನ್ ರೀಡರ್ ಆಗಿ ಜಾಸ್ ಬಳಸುವವರು ಶೇ. 40.5, ಎನ್‌ವಿಡಿಎ ಬಳಸುವವರು ಶೇ. 37.7 ಇದ್ದರು. ಉಚಿತವಾದದ್ದು ಕಡಿಮೆ ದರ್ಜೆಯದಿರಬೇಕು ಎಂಬ ಅನುಮಾನಕ್ಕೆ ಇದೇ ಉತ್ತರ.

ನರೇಟರನ್ನು ಮುಖ್ಯ ಆಯ್ಕೆಯಾಗಿ ನಾನು ಹೇಳಲಾರೆ, ಆದರೆ ಅದು ಗೊತ್ತಿರಲೇಬೇಕು. ವಿಂಡೋಸ್, ಕಂಟ್ರೋಲ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ಮಾತನಾಡತೊಡಗುತ್ತದೆ. ಹೊಸ ಲ್ಯಾಪ್‌ಟಾಪನ್ನು ಮೊದಲ ಸಲ ಹೊಂದಿಸುವಾಗ, ಎನ್‌ವಿಡಿಎ ಡೌನ್‌ಲೋಡ್ ಮಾಡಿಕೊಳ್ಳುವಾಗ, ಎನ್‌ವಿಡಿಎ ಸ್ತಬ್ಧವಾದಾಗ ಕೈಹಿಡಿಯುವುದು ಅದೇ.

ಟೈಪಿಂಗ್ ವಿಚಾರದಲ್ಲಿ, ವಿಂಡೋಸ್‌ನಲ್ಲಿ ಭಾರತೀಯ ಭಾಷೆಗಳ ಮಾನಕ ವಿನ್ಯಾಸವಾದ ಇನ್‌ಸ್ಕ್ರಿಪ್ಟ್ ಕೀಲಿಮಣೆ ಬಹಳ ಹಿಂದಿನಿಂದ ಇದೆ, ಇಂಗ್ಲಿಷ್ ಅಕ್ಷರಗಳ ಉಚ್ಚಾರಣೆಯಂತೆ ಟೈಪ್ ಮಾಡುವ ಫೊನೆಟಿಕ್ ವಿನ್ಯಾಸವೂ ಈಗ ಸೇರಿದೆ. ಯಾವ ವ್ಯವಸ್ಥೆಯನ್ನು ಪರೀಕ್ಷಿಸುವಾಗಲೂ ‘ಸ್ತ್ರೀ’ ಎಂಬ ಒಂದೇ ಪದವನ್ನು ಟೈಪ್ ಮಾಡಿಸಿ. ಕಣ್ಣಿಗೆ ಅದು ಒಂದು ಅಕ್ಷರ, ಯೂನಿಕೋಡ್‌ನಲ್ಲಿ ಆರು ಸಂಕೇತಗಳು: ಸ, ಹಲಂತ, ತ, ಹಲಂತ, ರ, ಈಕಾರದ ಚಿಹ್ನೆ. ಆಮೇಲೆ ಬ್ಯಾಕ್‌ಸ್ಪೇಸನ್ನು ಒಂದೊಂದಾಗಿ ಒತ್ತುತ್ತ, ಅಳಿಸಿದ್ದು ಯಾವುದೆಂದು ಸ್ಕ್ರೀನ್ ರೀಡರ್ ಹೇಳುತ್ತದೆಯೇ, ಬಾಣದ ಕೀಲಿಯಿಂದ ಹಿಂದೆ ಮುಂದೆ ಹೋದಾಗ ಎಲ್ಲಿದ್ದೇವೆಂದು ತಿಳಿಯುತ್ತದೆಯೇ ಎಂದು ಕೇಳಿಸಿಕೊಳ್ಳಿ. ಒತ್ತಕ್ಷರದ ತಪ್ಪನ್ನು ತಾವೇ ಹುಡುಕಿ ತಿದ್ದಬಲ್ಲ ವ್ಯಕ್ತಿ ಕನ್ನಡದಲ್ಲಿ ಅರ್ಜಿ ಬರೆಯಬಲ್ಲರು, ಉತ್ತರ ಪತ್ರಿಕೆಯನ್ನೂ ಬರೆಯಬಲ್ಲರು. ಇಡೀ ಹೋಲಿಕೆಯಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವ ಪರೀಕ್ಷೆ ಇದು.

ಮ್ಯಾಕ್: ಪೆಟ್ಟಿಗೆ ತೆರೆದ ಕ್ಷಣದಿಂದ ಸ್ವತಂತ್ರ, ಆದರೆ ದುಬಾರಿ

ಆಪಲ್ 2005ರಲ್ಲಿ ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರನ್ನು ತನ್ನ ಕಂಪ್ಯೂಟರಿನ ವ್ಯವಸ್ಥೆಯೊಳಗೇ ಸೇರಿಸಿತು. ಪೂರ್ಣ ಪ್ರಮಾಣದ ಸ್ಕ್ರೀನ್ ರೀಡರ್‌ಗೆ ಪ್ರತ್ಯೇಕ ಹಣ ಕೊಡಬೇಕಾಗಿದ್ದ ಕಾಲದಲ್ಲಿ ಅದು ದೊಡ್ಡ ಹೆಜ್ಜೆಯಾಗಿತ್ತು. ಇಂದಿಗೂ ನಾಲ್ಕನೆಯ ಅಳತೆಗೋಲಿನಲ್ಲಿ, ಅಂದರೆ ಯಾರನ್ನೂ ಕರೆಯದೆ ನಿಭಾಯಿಸುವುದರಲ್ಲಿ, ಮ್ಯಾಕ್‌ ಮುಂದಿದೆ. ಹೊಸ ಯಂತ್ರವನ್ನು ಆರಂಭಿಸಿದ ಮೊದಲ ಪರದೆಯಲ್ಲೇ ವಾಯ್ಸ್‌ಓವರ್ ಲಭ್ಯ, ಕೆಟ್ಟ ವ್ಯವಸ್ಥೆಯನ್ನು ಮರುಸ್ಥಾಪಿಸುವ ಪರದೆಯಲ್ಲೂ ಕಮಾಂಡ್ ಮತ್ತು ಎಫ್5 ಒತ್ತಿ ಅದನ್ನು ಮಾತನಾಡಿಸಬಹುದು. ವಿಂಡೋಸ್ ಲ್ಯಾಪ್‌ಟಾಪುಗಳ ಬಯೋಸ್ ಪರದೆಯಲ್ಲಿ (ವಿಂಡೋಸ್ ಎದ್ದೇಳುವ ಮುನ್ನ ಯಂತ್ರದ ಮೂಲ ಸೆಟ್ಟಿಂಗ್‌ಗಳನ್ನು ತೋರಿಸುವ ಪರದೆ) ಯಾವ ಸ್ಕ್ರೀನ್ ರೀಡರೂ ನಡೆಯದ ಕಾರಣ ಅಲ್ಲಿ ಕಣ್ಣುಳ್ಳವರೊಬ್ಬರು ಪಕ್ಕದಲ್ಲಿ ಬೇಕಾಗುತ್ತದೆ.

ಕನ್ನಡದ ಮಟ್ಟಿಗೂ ಮ್ಯಾಕ್ ಈಗ ಹಿಂದುಳಿದಿಲ್ಲ. 2022ರ ವೆಂಚುರಾ ಆವೃತ್ತಿಯಿಂದ ‘ಸೌಮ್ಯಾ’ ಎಂಬ ಕನ್ನಡ ಧ್ವನಿ ಇದೆ. ಒಮ್ಮೆ ಇಳಿಸಿಕೊಂಡರೆ ಆಮೇಲೆ ಇಂಟರ್ನೆಟ್ ಇಲ್ಲದೆಯೂ ಓದುತ್ತದೆ. ದೀರ್ಘ ಲೇಖನ, ಕಥೆ, ಪತ್ರಿಕೆ ಕೇಳಲು ಇ-ಸ್ಪೀಕ್‌ಗಿಂತ ಅದು ಎಷ್ಟೋ ಹಿತ.

ತೊಡಕಿರುವುದು ಕಲಿಕೆಯಲ್ಲಿ. ವಾಯ್ಸ್‌ಓವರ್ ಪರದೆಯನ್ನು ಗುಂಪುಗಳಾಗಿ ನೋಡುತ್ತದೆ. ಒಂದು ಕೋಷ್ಟಕದೊಳಗೆ ಅಥವಾ ಪಟ್ಟಿಯೊಳಗೆ ಹೋಗಬೇಕಾದರೆ ಮೊದಲು ಅದರೊಳಗೆ ‘ಪ್ರವೇಶ’ ಮಾಡಬೇಕು, ಮುಗಿದ ಮೇಲೆ ‘ಹೊರಗೆ’ ಬರಬೇಕು, ಹೆಚ್ಚಿನ ಆದೇಶಗಳಿಗೆ ಕಂಟ್ರೋಲ್ ಮತ್ತು ಆಪ್ಷನ್ ಎರಡನ್ನೂ ಹಿಡಿದಿಟ್ಟುಕೊಳ್ಳಬೇಕು. ಇದು ಕೆಟ್ಟ ವಿಧಾನವಲ್ಲ, ಬೇರೆ ವಿಧಾನ. ಆದರೆ ಶಾಲೆಯಲ್ಲಿ ವಿಂಡೋಸ್ ಕಲಿತು ಬಂದ ಹುಡುಗನಿಗೆ ಮಂಗಳೂರಿನಲ್ಲಿ ಮ್ಯಾಕ್ ಹೇಳಿಕೊಡುವವರು, ಸಂಕಷ್ಟದಲ್ಲಿ ಫೋನೆತ್ತುವವರು ಎಷ್ಟು ಜನ? ಹೊಸ ಮ್ಯಾಕ್‌ಬುಕ್ ಏರ್ ಲಕ್ಷ ರೂಪಾಯಿಯ ಆಸುಪಾಸಿಗೆ ಹೋಗುವಾಗ, ಅದರ ಅರ್ಧಕ್ಕಿಂತ ಕಡಿಮೆ ಹಣದಲ್ಲಿ ಎಂಟು ಜಿಬಿ ಮೆಮೊರಿ ಮತ್ತು ಎಸ್‌ಎಸ್‌ಡಿ ಇರುವ ವಿಂಡೋಸ್ ಲ್ಯಾಪ್‌ಟಾಪ್ ಸಿಗುತ್ತದೆ, ಎನ್‌ವಿಡಿಎಗೆ ಅಷ್ಟು ಸಾಕು. ಮನೆಯಲ್ಲಿ ಈಗಾಗಲೇ ಐಫೋನ್ ಬಳಸಿ ವಾಯ್ಸ್‌ಓವರ್‌ಗೆ ಹೊಂದಿಕೊಂಡವರಿಗೆ, ಸಂಗೀತದ ಧ್ವನಿಮುದ್ರಣದಂಥ ಕೆಲಸ ಮಾಡುವವರಿಗೆ, ಯಾರ ನೆರವಿಗೂ ಕಾಯಬಾರದೆಂಬ ಅನಿವಾರ್ಯತೆ ಇದ್ದು ಹಣದ ಅಡ್ಡಿ ಇಲ್ಲದವರಿಗೆ ಮ್ಯಾಕ್ ಒಳ್ಳೆಯ ಆಯ್ಕೆಯೇ.

ಲಿನಕ್ಸ್: ಹಳೆಯ ಯಂತ್ರಕ್ಕೆ ಮತ್ತು ಕುತೂಹಲವುಳ್ಳವರಿಗೆ

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷಾ ವ್ಯವಸ್ಥೆ ಯಂತ್ರದಲ್ಲಿರಬೇಕು, ಪ್ರೊಸೆಸರೂ ಸಾಕಷ್ಟು ಹೊಸದಿರಬೇಕು. ಅಣ್ಣನೋ ಚಿಕ್ಕಪ್ಪನೋ ಬಿಟ್ಟುಕೊಟ್ಟ ಹಳೆಯ ಲ್ಯಾಪ್‌ಟಾಪಿನಲ್ಲೇ ಕಲಿಯಬೇಕಾದ ಮನೆಗಳಲ್ಲಿ ಉಚಿತವಾಗಿ ಸಿಗುವ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಗಂಭೀರವಾಗಿ ಪರಿಗಣಿಸಬೇಕಾದ ಆಯ್ಕೆಯಾಗುವುದು ಇಲ್ಲಿಂದ.

ಲಿನಕ್ಸ್‌ನ ಸ್ಕ್ರೀನ್ ರೀಡರ್ ಓರ್ಕಾ, ಉಚಿತ. ಲಿನಕ್ಸನ್ನು ಬೇರೆ ಬೇರೆ ತಂಡಗಳು ಸಿದ್ಧಪಡಿಸಿ ಕೊಡುವ ರೂಪಗಳಿಗೆ ವಿತರಣೆ ಎನ್ನುತ್ತಾರೆ. ಉಬುಂಟುವಿನಂಥ ವಿತರಣೆಯ ಗ್ನೋಮ್ ಎಂಬ ಪರದೆ ವಿನ್ಯಾಸದಲ್ಲಿ ಆಲ್ಟ್, ಸೂಪರ್, ಎಸ್ ಒತ್ತಿದರೆ ಆರಂಭವಾಗುತ್ತದೆ. ಇಲ್ಲೂ ಮಾತನಾಡುವುದು ಇ-ಸ್ಪೀಕ್ ಎನ್‌ಜಿ, ಹಾಗಾಗಿ ಕನ್ನಡ ಇದೆ. ಡೆಬಿಯನ್ ಎಂಬ ವಿತರಣೆಯ ಇನ್‌ಸ್ಟಾಲರ್‌ ಅಂತೂ ನನಗೆ ಬಹಳ ಗೌರವ ಹುಟ್ಟಿಸಿದೆ: ಬೂಟ್ ಮೆನು ಬಂದಾಗ ಬೀಪ್ ಸದ್ದಾಗುತ್ತದೆ, ‘ಎಸ್’ ಒತ್ತಿ ಎಂಟರ್ ಕೊಟ್ಟರೆ ಅಲ್ಲಿಂದ ಕೊನೆಯವರೆಗೆ ಪ್ರತಿ ಪ್ರಶ್ನೆಯನ್ನೂ ಓದಿ ಹೇಳುತ್ತದೆ, ಇನ್‌ಸ್ಟಾಲ್ ಆದ ವ್ಯವಸ್ಥೆಯೂ ಮಾತನಾಡುತ್ತಲೇ ಎದ್ದೇಳುತ್ತದೆ. ಖಾಲಿ ಯಂತ್ರವೊಂದಕ್ಕೆ ಕಣ್ಣು ಕಾಣದ ವಿದ್ಯಾರ್ಥಿಯೊಬ್ಬಳು ಒಬ್ಬಳೇ ಕುಳಿತು ಪೂರ್ಣ ವ್ಯವಸ್ಥೆ ಹಾಕುವುದು ಇದರಿಂದ ಸಾಧ್ಯವಾಗಿದೆ. ನೆರೆಯ ಕೇರಳದಲ್ಲಿ ರೂಪುಗೊಂಡ ಆಕ್ಸೆಸಿಬಲ್ ಕೊಕೊನಟ್ ಎಂಬ ವಿತರಣೆ ಮಾಟೆ ಎಂಬ ಪರದೆ ವಿನ್ಯಾಸವಿರುವ ಉಬುಂಟುವನ್ನು (ಉಬುಂಟು ಮಾಟೆ) ಆಧರಿಸಿದ್ದು, ಅಂಧರಿಗೆಂದೇ ಸಿದ್ಧಪಡಿಸಿದ್ದು; ಮೊದಲ ಬಾರಿ ಲಿನಕ್ಸ್‌ಗೆ ಬರುವವರು ಅದರಿಂದ ಆರಂಭಿಸಬಹುದು. ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕವನ್ನು ಪಠ್ಯವಾಗಿಸುವ ಟೆಸರಾಕ್ಟ್ ಲಿನಕ್ಸ್‌ನಲ್ಲಿ ಸುಲಭವಾಗಿ ಸಿಗುತ್ತದೆ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಲಿನಕ್ಸ್‌ನ ಪರದೆ ವ್ಯವಸ್ಥೆ ಹಳೆಯ ಎಕ್ಸ್11ರಿಂದ ವೇಲ್ಯಾಂಡ್‌ಗೆ ಬದಲಾಗುತ್ತಿರುವ ಈ ಕಾಲದಲ್ಲಿ ಓರ್ಕಾದ ಕೀಲಿ ಆದೇಶಗಳು ಎಲ್ಲ ವಿತರಣೆಗಳಲ್ಲೂ ಒಂದೇ ರೀತಿ ನಡೆದಿಲ್ಲ. ಅದಕ್ಕೇ ಅನುಭವಿಗಳು ಮಾಟೆ ಪರದೆಯನ್ನು ಬಿಟ್ಟುಕೊಟ್ಟಿಲ್ಲ. ಮೈಕ್ರೋಸಾಫ್ಟ್ ವರ್ಡ್, ಎಕ್ಸೆಲ್ ಇಲ್ಲ. ಲಿಬ್ರೆಆಫೀಸ್ ಚೆನ್ನಾಗಿ ಓದಿಸುತ್ತದೆಯಾದರೂ ಕಚೇರಿಯಲ್ಲಿ ಕೇಳುವುದು ವರ್ಡ್. ಪ್ರೋಗ್ರಾಮಿಂಗ್ ಕಡೆಗೆ ಹೊರಟವರಿಗೆ, ಸರ್ವರ್‌ಗಳ ಕೆಲಸ ಕಲಿಯುವವರಿಗೆ ಲಿನಕ್ಸ್‌ನ ಟರ್ಮಿನಲ್, ಅಂದರೆ ಆದೇಶಗಳನ್ನು ಟೈಪ್ ಮಾಡಿ ಕೆಲಸ ಮಾಡಿಸುವ ಕಿಟಕಿ, ಬಹಳ ಹೊಂದುತ್ತದೆ. ಅಲ್ಲಿ ಎಲ್ಲವೂ ಪಠ್ಯವೇ.

ಕ್ರೋಮ್‌ಬುಕ್

ಕ್ರೋಮ್‌ಬುಕ್ ಎಂದರೆ ಗೂಗಲ್‌ನ ಆಪರೇಟಿಂಗ್ ಸಿಸ್ಟಂ ಇರುವ ಲ್ಯಾಪ್‌ಟಾಪ್. ಕಂಟ್ರೋಲ್, ಆಲ್ಟ್, ಝಡ್ ಒತ್ತಿದರೆ ಅದರೊಳಗಿನ ಸ್ಕ್ರೀನ್ ರೀಡರ್ ಕ್ರೋಮ್‌ವಾಕ್ಸ್ ಮಾತನಾಡುತ್ತದೆ. ಬ್ರೌಸರ್, ಇಮೇಲ್, ಗೂಗಲ್ ಡಾಕ್ಸ್‌ಗೆ ಸಾಕು, ಬೆಲೆಯೂ ಕಡಿಮೆ. ಆದರೆ ಎನ್‌ವಿಡಿಎಯಾಗಲಿ ಜಾಸ್ ಆಗಲಿ ಅಲ್ಲಿ ನಡೆಯುವುದಿಲ್ಲ, ಬೇರೊಂದು ಸ್ಕ್ರೀನ್ ರೀಡರಿಗೆ ಬದಲಾಗುವ ದಾರಿಯೇ ಇಲ್ಲ, ಅದರ ಬಹುಪಾಲು ಬಳಕೆ ಇಂಟರ್ನೆಟ್ಟನ್ನು ನಂಬಿಕೊಂಡಿದೆ. ಮನೆಯಲ್ಲಿ ಅದಾಗಲೇ ಇದ್ದರೆ ಬಳಸಿ, ಹೊಸದಾಗಿ ಕೊಳ್ಳಲು ನಾನು ಹೇಳುವುದಿಲ್ಲ.

ಯಾರಿಗೆ ಯಾವುದು

ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್ ಹುಟ್ಟಿದ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಬ್ಯಾಂಕ್ ನೌಕರಿ ಇಂದಿಗೂ ಬಹಳ ಮನೆಗಳ ಗುರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ. 4ರಷ್ಟು ಮೀಸಲಿಟ್ಟಿದೆ, ಅದರಲ್ಲಿ ಶೇ. 1 ಅಂಧರಿಗೆ ಮತ್ತು ಮಂದದೃಷ್ಟಿಯವರಿಗೆ. ಆ ದಾರಿ ಹಿಡಿಯುವವರು ವಿಂಡೋಸ್ ಬಿಟ್ಟು ಬೇರೆ ಯೋಚಿಸುವುದು ಬೇಡ. ಶಾಖೆಯ ಮೇಜಿನ ಮೇಲೆ ನಾಳೆ ಸಿಗುವುದು ವಿಂಡೋಸ್ ಯಂತ್ರವೇ. ಎನ್‌ವಿಡಿಎಯಲ್ಲಿ ಬೆರಳು ಪಳಗಿದ್ದರೆ ಜಾಸ್‌ಗೆ ಹೊಂದಿಕೊಳ್ಳುವುದೂ ಕಷ್ಟವಲ್ಲ, ಶೀರ್ಷಿಕೆಗೆ ‘ಎಚ್’, ಲಿಂಕಿಗೆ ‘ಟ್ಯಾಬ್’, ಕೋಷ್ಟಕಕ್ಕೆ ‘ಟಿ’ ಎಂಬಂಥ ಆದೇಶಗಳು ಎರಡರಲ್ಲೂ ಒಂದೇ. ಕಲಾ, ವಾಣಿಜ್ಯ ಪದವಿಯ ವಿದ್ಯಾರ್ಥಿಗಳಿಗೂ ಇದೇ ಮಾತು. ವಾಣಿಜ್ಯದವರು ಮಾತ್ರ ಲೆಕ್ಕಪತ್ರದ ತಂತ್ರಾಂಶದ ಕೋರ್ಸಿಗೆ ಶುಲ್ಕ ಕಟ್ಟುವ ಮುನ್ನ, ಆ ತಂತ್ರಾಂಶದ ವೋಚರ್ ನಮೂದಿಸುವ ಪರದೆ ಸ್ಕ್ರೀನ್ ರೀಡರಿಗೆ ಓದಲು ಸಿಗುತ್ತದೆಯೇ ಎಂದು ತರಗತಿಯಲ್ಲೇ ಕುಳಿತು ನೋಡಿಕೊಳ್ಳಬೇಕು.

ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗೆ ನನ್ನ ಸಲಹೆ ವಿಂಡೋಸ್ ಲ್ಯಾಪ್‌ಟಾಪ್ ಮತ್ತು ಮನೆಯ ಹಳೆಯ ಯಂತ್ರವೊಂದರಲ್ಲಿ ಡೆಬಿಯನ್. ಹಣವೇ ಇಲ್ಲದ ಕಡೆ ಹಳೆಯ ಯಂತ್ರ, ಆಕ್ಸೆಸಿಬಲ್ ಕೊಕೊನಟ್, ಜೊತೆಗೆ ಕಾಲೇಜಿನ ಲ್ಯಾಬ್‌ಗಾಗಿ ಪೆನ್‌ಡ್ರೈವಿನಲ್ಲಿ ಎನ್‌ವಿಡಿಎ: ಈ ಜೋಡಿಯಿಂದ ಪದವಿ ಮುಗಿಸಬಹುದು. ತಡವಾಗಿ ದೃಷ್ಟಿ ಕಳೆದುಕೊಂಡ ಹಿರಿಯರ ವಿಷಯ ಬೇರೆ. ಪತ್ರಿಕೆ ಕೇಳುವುದು, ಮೊಮ್ಮಕ್ಕಳೊಡನೆ ಮಾತು ಇಷ್ಟೇ ಬೇಕಾದವರಿಗೆ ಕಂಪ್ಯೂಟರಿಗಿಂತ ಕನ್ನಡ ಧ್ವನಿ ಇರುವ ಫೋನೇ ಮೇಲು. ಬರೆಯುವ ಹವ್ಯಾಸವುಳ್ಳವರಾದರೆ, ಹಣವಿದ್ದಲ್ಲಿ ಮ್ಯಾಕ್‌ನ ‘ಸೌಮ್ಯಾ’ ಧ್ವನಿ ಅವರ ಕಿವಿಗೆ ಬೇಗ ಒಗ್ಗುತ್ತದೆ.

ಅಂಗಡಿಯಲ್ಲಿ ಮಾಡಬೇಕಾದ್ದು

ಬಳಸುವವರನ್ನೇ ಕರೆದುಕೊಂಡು ಹೋಗಿ, ಅವರ ಬದಲು ನೀವು ಆರಿಸಬೇಡಿ. ಎನ್‌ವಿಡಿಎ ಇರುವ ಪೆನ್‌ಡ್ರೈವ್ ಒಯ್ದು ಪ್ರದರ್ಶನದ ಯಂತ್ರದಲ್ಲಿ ನಡೆಸಿ ನೋಡಲು ಅನುಮತಿ ಕೇಳಿ. ಕೀಲಿಮಣೆಯಲ್ಲಿ ಬಲಬದಿಗೆ ಅಂಕಿಗಳ ಪ್ರತ್ಯೇಕ ಭಾಗ ಇದೆಯೇ, ಎನ್‌ವಿಡಿಎಯ ಆದೇಶಗಳಿಗೆ ಹಿಡಿದುಕೊಳ್ಳಬೇಕಾದ ಇನ್ಸರ್ಟ್ ಕೀಲಿ ನೇರವಾಗಿ ಸಿಗುತ್ತದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಲಿ. ಇಲ್ಲದಿದ್ದರೆ ಕ್ಯಾಪ್ಸ್ ಲಾಕನ್ನು ಆ ಕೆಲಸಕ್ಕೆ ಹೊಂದಿಸಬಹುದು, ಆದರೆ ಅದಕ್ಕೆ ಒಪ್ಪುವವರು ಅವರಾಗಿರಬೇಕು. ಇಯರ್‌ಫೋನ್ ಚುಚ್ಚುವ ತೂತು ಇರಲೇಬೇಕು. ಬ್ಲೂಟೂತ್‌ನಲ್ಲಿ ಧ್ವನಿ ತಡವಾಗಿ ಬರುತ್ತದೆ, ಎಷ್ಟೋ ಸಲ ಪದದ ಮೊದಲ ಅಕ್ಷರವೇ ನುಂಗಿಹೋಗುತ್ತದೆ. ಮಳೆ ಹೊಯ್ಯುವಾಗ ಶೀಟಿನ ಮಾಡಿನ ಕೆಳಗೆ ಲ್ಯಾಪ್‌ಟಾಪಿನ ಸ್ಪೀಕರ್ ಏನೂ ಕೇಳಿಸದು. ಬ್ಯಾಟರಿ ದೀರ್ಘವಾಗಿ ಬಾಳುವ ಮಾದರಿಗೆ ಎರಡು ಸಾವಿರ ಹೆಚ್ಚಾದರೂ ಕೊಡಿ. ದುಬಾರಿ ಗ್ರಾಫಿಕ್ಸ್ ಕಾರ್ಡಿಗೆ, ಹೆಚ್ಚು ಸ್ಪಷ್ಟತೆಯ ಪರದೆಗೆ ಹಣ ಸುರಿಯಬೇಕಿಲ್ಲ. ಆದರೆ ಸ್ವಲ್ಪ ದೃಷ್ಟಿ ಉಳಿದಿರುವವರು ಪರದೆಯ ಗಾತ್ರವನ್ನು ನಿರ್ಲಕ್ಷಿಸಬಾರದು.

ಕೊಂಡ ಮೇಲೆ, ಪರೀಕ್ಷೆಯ ದಿನಗಳಲ್ಲಿ ಅಪ್‌ಡೇಟ್‌ಗಳನ್ನು ಮುಂದೂಡಿ. ಎನ್‌ವಿಡಿಎ ಪ್ರತಿ ವರ್ಷ ಹೊರತರುವ ಮೊದಲ ಆವೃತ್ತಿ, ಅಂದರೆ ಇಸವಿಯ ಮುಂದೆ ಚುಕ್ಕಿ ಒಂದು ಎಂದಿರುವುದು, ಹಳೆಯ ಆಡ್‌ಆನ್‌ಗಳಿಗೆ, ಅಂದರೆ ಎನ್‌ವಿಡಿಎಗೆ ನಾವು ಹೆಚ್ಚುವರಿಯಾಗಿ ಸೇರಿಸಿಕೊಳ್ಳುವ ಸೌಲಭ್ಯಗಳಿಗೆ, ಹೊಂದದಿರಬಹುದು. ನೀವು ನೆಚ್ಚಿಕೊಂಡ ಆಡ್‌ಆನ್‌ನ ಹೊಸ ಆವೃತ್ತಿ ಬಂದಿದೆಯೇ ಎಂದು ಮೊದಲು ನೋಡಿ, ಸದ್ಯ ನಡೆಯುತ್ತಿರುವ ಎನ್‌ವಿಡಿಎಯ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತೆಗೆದಿಟ್ಟುಕೊಂಡು, ಆಮೇಲೆ ಹೊಸದನ್ನು ಹಾಕಿ.